ಕಟ್ಟ ಕಡಿದವನ ಹೆಸರು

ಎಲೆಕ್ಟ್ರಾ ಸ್ಟ್ರೀಟ್, ಅಬುಧಾಬಿ
19 ಜನವರಿ 2025

ನಫೀಸ,

ಹರಿದು ಬಿಸಾಡಬೇಡ ಮಾರಾಯ್ತಿ, ಪೂರ್ತಿ ಓದು. ಆಮೇಲೆ ಬೇಕಾದರೆ ಹರಿ. ವಾಟ್ಸಾಪಿನಲ್ಲಿ ಬ್ಲಾಕ್ ಮಾಡಿದ್ದೀ, ಫೋನ್ ಎತ್ತುವುದಿಲ್ಲ, ಅದಕ್ಕೆ ನಿನ್ನ ಟೈಪಿಂಗ್ ಸೆಂಟರಿನ ಪಿ.ಒ. ಬಾಕ್ಸಿಗೆ ಬರೆಯುತ್ತಿದ್ದೇನೆ. ಹತ್ತು ವರ್ಷದ ಮೇಲೆ ಬರೆಯುವುದು ಜಗಳ ಕೆದಕಲಿಕ್ಕಲ್ಲ. ನಿನ್ನ ಇಂಗ್ಲಿಷು ಬೇಕು ನನಗೆ. ದೇವರಾಣೆ, ಇಂಥ ಪೇಚಾಟ ಯಾವ ನರ್ಸಿಗೂ ಬಂದಿರಲಿಕ್ಕಿಲ್ಲ!

ಕೇಳು. ಆಸ್ಪತ್ರೆ ಬಿಟ್ಟ ಮೇಲೆ ಆರು ವರ್ಷ ನಾನು ಅಲ್ ರೀಮ್ ಐಲ್ಯಾಂಡಿನಲ್ಲಿ ಒಬ್ಬ ಇಂಗ್ಲಿಷ್ ಅಜ್ಜನನ್ನು ನೋಡಿಕೊಂಡಿದ್ದೆ. ಮಿಸ್ಟರ್ ಪೆಲ್ ಅಂತ, ಈಗ ತೊಂಬತ್ತೊಂದು. ಐವತ್ತು ವರ್ಷದ ಹಿಂದೆ ಇಲ್ಲಿಯ ಸಮುದ್ರದ ಹೂಳೆತ್ತಿ ನೆಲ ಮಾಡಲಿಕ್ಕೆ ಬಂದ ಇಂಜಿನಿಯರು, ಇಲ್ಲೇ ಉಳಿದುಬಿಟ್ಟರು. ಹುಟ್ಟಿದ್ದು ಇಂಗ್ಲೆಂಡಿನ ಮೂಡು ಕರಾವಳಿಯ ವಿದರ್‌ಫ್ಲೀಟ್ ಎನ್ನುವ ಊರಲ್ಲಿ. ಊರು ಅಂದರೆ ಕುಂದಾಪುರದ ಹೊಳೆ ನಡುವಿನ ನಡುಗಡ್ಡೆ, ನಮ್ಮ ಕಿರುಕುದ್ರುವಿನಷ್ಟೇ, ನಲ್ವತ್ತು ಮನೆ. ಸುತ್ತ ಜೌಗು, ಕೆಸರು, ಉಪ್ಪುನೀರು. ಒಂದು ಮಣ್ಣಿನ ಕಟ್ಟ ಇಲ್ಲದಿದ್ದರೆ ಸಮುದ್ರ ಉಬ್ಬಿ ಬರುವ ಭರತದ ನೀರು ಸೀದಾ ಅಡುಗೆಮನೆಗೆ. ಅವರು ಹೇಳುವಾಗ ನಾನು "ಗೊತ್ತು ಸರ್, ಗೊತ್ತು ಸರ್" ಅನ್ನುತ್ತಿದ್ದೆ. ನನ್ನ ಅಪ್ಪ ಇಡೀ ಜೀವಮಾನ ಅಂಥದೇ ಕಟ್ಟಕ್ಕೆ ಮಣ್ಣು ಹಾಕಿ ಸತ್ತವರಲ್ಲವಾ.

ಆ ಊರಿನ ಎಂಟುನೂರು ವರ್ಷದ ಕಥೆ ಅಜ್ಜನಿಗೆ ಬಾಯಿಪಾಠ. ಎಲ್ಲಿಯೂ ಬರೆದಿಟ್ಟದ್ದಿಲ್ಲ. "ಸುಸನ್, ನಾನು ಹೋದರೆ ಇದೂ ಹೋಗ್ತದೆ, ಬರ್ಕೋ" ಅಂದರು. ಫೋನಿನಲ್ಲಿ ರೆಕಾರ್ಡ್ ಮಾಡ್ತೇನೆ ಅಂದರೆ ಒಪ್ಪಲಿಲ್ಲ, ಮಷೀನಿಗೆ ಕಥೆ ಹೇಳುವ ಅಭ್ಯಾಸ ಇಲ್ಲವಂತೆ. ನನ್ನ ಇಂಗ್ಲಿಷ್ ನಿನಗೆ ಗೊತ್ತಲ್ಲ, ಬಿ.ಪಿ. ಬರೆಯಲಿಕ್ಕೆ, ಮಾತ್ರೆ ಬರೆಯಲಿಕ್ಕೆ ಸಾಕು. ಅವರ ಮಾತು ಓಡುತ್ತಿತ್ತು, ನನ್ನ ಸ್ಪೆಲ್ಲಿಂಗು ಕುಂಟುತ್ತಿತ್ತು. ಅದಕ್ಕೆ ಕನ್ನಡದಲ್ಲಿ ಬರೆದೆ. "ಇದೆಂಥ ಸುರುಳಿ ಸುರುಳಿ?" ಅಂತ ಕೇಳಿದಾಗ ನಾಲಗೆಗೆ ಬಂದದ್ದು ಹೇಳಿಬಿಟ್ಟೆ: "ಶಾರ್ಟ್‌ಹ್ಯಾಂಡ್, ಸರ್. ನರ್ಸುಗಳ ಶಾರ್ಟ್‌ಹ್ಯಾಂಡ್." ನಂಬಿದರು ನಫೀಸ! ಆರು ವರ್ಷ ನಂಬಿದರು! ಒಂಬತ್ತು ನೋಟ್‌ಬುಕ್ ತುಂಬಿತು.

ಕಳೆದ ನವೆಂಬರಿನಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಮಾತು ಪೂರ್ತಿ ಹೋಯಿತು. ತಿಳುವಳಿಕೆ ಮಾತ್ರ ಗಟ್ಟಿ ಉಂಟು. ಮಗಳು ಬಂದು ಇಂಗ್ಲೆಂಡಿಗೆ, ಆ ಊರ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದಳು. ಈಗ ಆ ಊರಿನ ಚರಿತ್ರೆಯ ಸಂಘದ ಕಾರ್ಯದರ್ಶಿ, ಆಶ್ಲೆ ಅಂತ ಒಬ್ಬಳು, ಮೇಲ್ ಕಳಿಸಿದ್ದಾಳೆ: ನಿಮ್ಮ ಶಾರ್ಟ್‌ಹ್ಯಾಂಡನ್ನು ದಯವಿಟ್ಟು ಟೈಪ್ ಮಾಡಿ ಕೊಡಿ. ಸಮುದ್ರ ಏರುತ್ತಿದೆ ಅಂತ ಬರುವ ಚಳಿಗಾಲದಿಂದ ಅಲ್ಲಿಯ ಸರಕಾರ ಆ ಕಟ್ಟಕ್ಕೆ ಮಣ್ಣು ಹಾಕುವುದಿಲ್ಲವಂತೆ. ಊರು ನೀರಿಗೆ. ಪ್ರತಿ ಮೇ ತಿಂಗಳ ಒಂದು ಆದಿತ್ಯವಾರ ಊರವರೆಲ್ಲ ಕಟ್ಟದ ಮೇಲೆ ನಡೆದು ಊರಿನ ಕಥೆ ಹೇಳುವ ಕ್ರಮ ಉಂಟು. ಈ ಸಲ ಮೇ 25. ಅದೇ ಕೊನೆ. ಅಜ್ಜನನ್ನು ವೀಲ್‌ಚೇರಿನಲ್ಲಿ ಕೂರಿಸಿ ಅವರ ಮಾತನ್ನೇ ಓದಬೇಕೂಂತ ಇದ್ದಾರೆ.

ಇಂಗ್ಲೆಂಡಿನ ಒಂದು ಊರಿನ ಎಂಟುನೂರು ವರ್ಷ ಈಗ ಇಡೀ ಪ್ರಪಂಚದಲ್ಲಿ ಕನ್ನಡದಲ್ಲಿ ಮಾತ್ರ ಉಂಟು, ಅದೂ ಕೋಳಿ ಕೆದಕಿದ ಹಾಗಿರುವ ನನ್ನ ಅಕ್ಷರದಲ್ಲಿ! ಆಶ್ಲೆಗೆ ನಿಜ ಹೇಳಿ ಒಂದು ಪುಟದ ಫೋಟೋ ಕಳಿಸಿದೆ. ಅವಳು ಯಾವುದೋ ಆ್ಯಪಿಗೆ ಹಾಕಿದಳು. ಬಂದದ್ದು: "ಚಿಕ್ಕಮ್ಮನು ಪಾದ್ರಿಯನ್ನು ಕುದಿಸಿ ಕಟ್ಟದ ಮೇಲೆ ಒಣಗಿಸಿದಳು."

ನಿಮ್ಮ ಮಾತು ಹಾಳಾಗಲಿಕ್ಕೆ ಬಿಡುವುದಿಲ್ಲ ಅಂತ ನಾನು ಆ ಮನುಷ್ಯನ ಕೈಹಿಡಿದು ಹೇಳಿದ್ದೇನೆ. ನನ್ನ ವೀಸಾ ಜೂನಿನ ತನಕ, ಆಮೇಲೆ ಊರು. ನಾವು ಹನ್ನೊಂದು ವರ್ಷ ಒಂದೇ ಫ್ಲಾಟಿನಲ್ಲಿ ಎರಡು ಸಂಸಾರ ಮಾಡಿದಾಗ ಫ್ರಿಜ್ಜಿನ ಮೇಲೆ ನಾನು ಅಂಟಿಸಿದ ಚೀಟಿ ಓದಲಿಕ್ಕೆ ಬರುತ್ತಿದ್ದದ್ದು ನಿನಗೊಬ್ಬಳಿಗೇ.

ನಿನ್ನ (ಹಾಗೆ ಬರೆಯಬಹುದಾ ಗೊತ್ತಿಲ್ಲ)
ಸುಸನ್

ಅಲ್ ಬರ್ಷಾ, ದುಬೈ
2 ಫೆಬ್ರವರಿ 2025

ಸುಸನ್ ಬಾಯಮ್ಮನವರಿಗೆ,

ನಮ್ಮ ಪಿ.ಒ. ಬಾಕ್ಸಿಗೆ ಬ್ಯಾಂಕಿನವರದ್ದು ಬಿಟ್ಟು ಬೇರೆ ಕಾಗದ ಬಂದು ಎಷ್ಟು ವರ್ಷವಾಯಿತೋ. ಕೈಬರಹ ನೋಡಿ ಆಫೀಸಿನವರೆಲ್ಲ ಯಾರೋ ತೀರಿಕೊಂಡರು ಅಂದುಕೊಂಡರು.

ಮೊದಲೇ ಹೇಳಿಬಿಡುತ್ತೇನೆ. ಹತ್ತು ವರ್ಷದ ಹಿಂದೆ ಊರಿನಲ್ಲಿ ನಿಮ್ಮ ಇಗರ್ಜಿಯ, ಆ ಚರ್ಚಿನ ಎದುರು, ಪೂಜೆ ಮುಗಿಸಿ ಹೊರಗೆ ಬಂದ ಜನರ ಮುಂದೆ, ನನ್ನ ಅಣ್ಣ ರವೂಫನಿಗೆ ಬೆರಳು ತೋರಿಸಿ "ಕಟ್ಟ ಒಡೆದು ನಮ್ಮ ಗದ್ದೆ ಮುಳುಗಿಸಿದವನು ಇವನೇ" ಅಂದೆಯಲ್ಲ, ಅದನ್ನು ನಾನು ಮರೆತಿಲ್ಲ. ಗದ್ದೆಯನ್ನು ಸಿಗಡಿ ಕೆರೆ ಮಾಡಿಕೊಡುವ ಕಂತ್ರಾಟು ಅವನ ಹೊಟ್ಟೆಪಾಡು. ಆ ದಿನದ ನಂತರ ಆ ಹೊಳೆಯ ಒಂದು ಕುದ್ರುವಿನಲ್ಲೂ ಅವನಿಗೆ ಕೆಲಸ ಸಿಗಲಿಲ್ಲ. ಈಗ ಕಾಪುವಿನ ಮನೆಯಲ್ಲೇ ಇರುತ್ತಾನೆ, ಕುಂದಾಪುರದ ಕಡೆ ಮದುವೆಗೆ ಕರೆದರೂ ಹೋಗುವುದಿಲ್ಲ. ಅದರ ಬಗ್ಗೆ ನಿನ್ನ ಕಾಗದದಲ್ಲಿ ಒಂದಕ್ಷರ ಇಲ್ಲ. ಆಯ್ತು, ಬಿಡು.

ಆ ಅಜ್ಜನ ವಿಷಯ ಬೇರೆ. ಇಪ್ಪತ್ತೇಳು ವರ್ಷದಿಂದ ಜನರ ಬದುಕು ಟೈಪ್ ಮಾಡುತ್ತಿದ್ದೇನೆ: ವೀಸಾ, ಮದುವೆ, ಹೆರಿಗೆ, ಕ್ಯಾನ್ಸಲೇಶನ್. ಒಂದು ಊರನ್ನು ಇಡಿಯಾಗಿ ಟೈಪ್ ಮಾಡಿದ್ದಿಲ್ಲ. ಪುಸ್ತಕ ಕಳಿಸು. ಮಾಡುವುದು ಅವರಿಗೋಸ್ಕರ, ನಿನಗಲ್ಲ. ಮತ್ತೆ ಫೋನ್ ಬೇಡ, ಏನಿದ್ದರೂ ಬರಿ. ನಿನ್ನ ದನಿ ಕೇಳಿದರೆ ಒಂದೋ ಬಯ್ಯುತ್ತೇನೆ, ಇಲ್ಲ ಅಳುತ್ತೇನೆ. ಎರಡಕ್ಕೂ ನನಗೆ ಪುರಸೊತ್ತಿಲ್ಲ.

ಪಾದ್ರಿಯನ್ನು ಕುದಿಸಿದ ಆ ಚಿಕ್ಕಮ್ಮ ಯಾರು? ನನ್ನ ಮಗಳು ಅಸೀಲಾ ನಿನ್ನೆಯಿಂದ ನಗುತ್ತಾ ಇದ್ದಾಳೆ. ಹದಿನೈದು ವರ್ಷವಾಯಿತು ಅವಳಿಗೆ.

ನಫೀಸ

ಎಲೆಕ್ಟ್ರಾ ಸ್ಟ್ರೀಟ್, ಅಬುಧಾಬಿ
14 ಫೆಬ್ರವರಿ 2025

ನನ್ನ ನಫೀಸ,

ಕಳಿಸು ಅಂದೆಯಲ್ಲ! ಕಾಗದ ಓದಿ ಅಡುಗೆಮನೆಯಲ್ಲಿ ಕುಣಿದೆ ಮಾರಾಯ್ತಿ, ಐವತ್ತೊಂಬತ್ತರ ಮಂಡಿ ಎರಡು ದಿನ ನೋಯಿತು. ಬಯ್ದದ್ದೂ ಓದಿದೆ. ಎರಡು ಸಲ ಓದಿದೆ.

ಒಂಬತ್ತೂ ಪುಸ್ತಕ ಕೊರಿಯರಿಗೆ ಕೊಟ್ಟಿದ್ದೇನೆ. ಚಿಕ್ಕಮ್ಮ ಪಾಪ ಯಾರನ್ನೂ ಕುದಿಸಲಿಲ್ಲ, ಪಾದ್ರಿಯ ಮನೆ ಹಿಂದೆ ಉಪ್ಪುನೀರು ಕುದಿಸಿದಳು, ಅಷ್ಟೇ. ಆದರೆ ನೀನು ಓದಲಿಕ್ಕೆ ಕೂರುವ ಮೊದಲು ನನ್ನ ಒಂದು ಕಳ್ಳಕೆಲಸ ಹೇಳಬೇಕು. ಅವರು ಹೇಳುವ ಹೆಸರೆಲ್ಲ ನನಗೆ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಯಾವ ಕೋಡಿ, ಯಾವ ದಿಬ್ಬ, ಯಾರ ಹೋಟ್ಲು, ಯಾರ ಮಗ ಯಾರು! ಅದಕ್ಕೆ ಇಡೀ ವಿದರ್‌ಫ್ಲೀಟನ್ನು ಎತ್ತಿ ನಮ್ಮ ಕಿರುಕುದ್ರುವಿನಲ್ಲಿ ಕೂರಿಸಿಬಿಟ್ಟೆ. ಅವರ ಬಿಯರಿನ ಅಂಗಡಿ ಬಂದರೆ ನಾನು ಬರೆದದ್ದು "ಪದ್ದಕ್ಕನ ಹೋಟ್ಲು". ಸಮುದ್ರದ ಬದಿಯ ಕಟ್ಟ "ದೊಡ್ಡ ಕಟ್ಟ", ನೀರು ಹೊರಗೆ ಬಿಡುವ ಬಾಗಿಲು "ಅಪ್ಪನ ತೂಬು". ಮನುಷ್ಯರಿಗೂ ಹಾಗೆಯೇ. ಆರುನೂರು ವರ್ಷದ ಹಿಂದೆ ಒಬ್ಬ ಜಿಪುಣ ಮಠಾಧಿಪತಿ ಇದ್ದನಂತೆ, ಅವನಿಗೆ "ನೆವಿಲ್ ಪೊರ್ಬು" ಅಂತ ಹಾಕಿದ್ದೇನೆ. ನಮ್ಮ ನೆವಿಲ್ ಪೊರ್ಬು ಗೊತ್ತಲ್ಲ, ಚಹಾಕ್ಕೆ ಕರೆದು ಬೆಲ್ಲ ಮನೆಯಿಂದ ತನ್ನಿ ಅಂದವರು!

ನೀನು 2008ರ ಕ್ರಿಸ್ಮಸಿಗೆ ನಮ್ಮ ಮನೆಗೆ ಬಂದು ಹತ್ತು ದಿನ ಇಡೀ ಕುದ್ರು ಸುತ್ತಿದವಳು. ಯಾವುದು ಎಲ್ಲಿ ಅಂತ ಒಂದು ನಕ್ಷೆ ಗೀಚಿ ಕಳಿಸಿದರೆ ಸಾಕು, ಆಶ್ಲೆ ಅವರ ನಿಜ ಹೆಸರು ತುಂಬಿಸುತ್ತಾಳೆ. ತಾರೀಕು ಕೇಳಿದರೆ ಅಜ್ಜ ಹಬ್ಬದ ಲೆಕ್ಕವೇ ಹೇಳುತ್ತಿದ್ದದ್ದು: ಮೇಣದಬತ್ತಿ ಆಶೀರ್ವಾದದ ಹಬ್ಬದ ಮಾರನೇ ದಿನ, ಎಲ್ಲ ಸಂತರ ಹಬ್ಬಕ್ಕೆ ಮೊದಲು. ಅದು ನನಗೆ ಹಾಲು ಕುಡಿದಷ್ಟು ಸುಲಭ.

ಇನ್ನೊಂದು ವಿಷಯ ಮೊದಲೇ ಹೇಳಬೇಕಿತ್ತು. ಕೊರಿಯರಿನವನು ಕೆಳಗೆ ನಿಂತಿದ್ದಾನೆ. ಆಮೇಲೆ ಬರೆಯುತ್ತೇನೆ.

ಸುಸನ್

ಅಲ್ ಬರ್ಷಾ, ದುಬೈ
9 ಮಾರ್ಚ್ 2025

ಸುಸನ್,

ಆ ಇನ್ನೊಂದು ವಿಷಯ ಏನೂಂತ ಗೊತ್ತಾಯಿತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕೆಲಸದ ಮಾತು, ಯಾಕೆಂದರೆ ಹೋದ ಶುಕ್ರವಾರದ ತನಕ ನಾನು ಇಷ್ಟು ಖುಷಿಯಲ್ಲಿ ಯಾವ ಕೆಲಸವನ್ನೂ ಮಾಡಿದ್ದಿಲ್ಲ.

ಉಪವಾಸದ ಬಾಯಿ ಒಣಗಿದ್ದೇ ಗೊತ್ತಾಗುತ್ತಿರಲಿಲ್ಲ! ಆಫೀಸು ರಮದಾನಿನಲ್ಲಿ ಬೇಗ ಬಿಡುತ್ತದೆ, ಇಫ್ತಾರಿನ ತನಕ ಅದೇ ಟೇಬಲಿನಲ್ಲಿ ಕೂತು ಟೈಪ್ ಮಾಡಿದೆ. ಕೆಸರು ತೊಳೆದು ಉಪ್ಪುನೀರು ಕುದಿಸುವವರು ಮಿಕ್ಕಿದ ಮಣ್ಣನ್ನು ಒಂದೇ ಕಡೆ ಸುರಿದು ಸುರಿದು, ಆ ರಾಶಿ ಇನ್ನೂರು ವರ್ಷದಲ್ಲಿ ದಿಬ್ಬವಾಗಿ, ನೀರು ಹತ್ತದ ಜಾಗ ಅಂತ ಅದರ ಮೇಲೆ ಮನೆ ಕಟ್ಟಿ ಊರಾಯಿತಂತೆ. ಅಂದರೆ ಕಸದ ರಾಶಿಯ ಮೇಲೆ ಒಂದು ಊರು! ಅಸೀಲಾ ಹಾರಿದಳು, "ಮಮ್ಮಾ, ದಿಸ್ ಈಸ್ ಇನ್ ಮೈ ಜಾಗ್ರಫಿ!" ಅಂತ. ಇಂಗ್ಲೆಂಡಿನ ಜೌಗು ಅವಳ ಪರೀಕ್ಷೆಗೆ ಉಂಟಂತೆ, ಕಿರುಕುದ್ರು ಎಲ್ಲಿ ಅಂತ ಮಾತ್ರ ಗೊತ್ತಿಲ್ಲ. ನಕ್ಷೆಯಲ್ಲಿ ತೋರಿಸಿದೆ.

ಮತ್ತೆ ಆ ಗುದ್ದಲಿಯ ಕಾನೂನು! ಯಾರ ಗದ್ದೆಯ ಮುಂದೆ ಕಟ್ಟ ಉಂಟೋ ಅವರೇ ಅದನ್ನು ನೋಡಿಕೊಳ್ಳಬೇಕು. ಇನ್ನು ನನ್ನಿಂದ ಆಗದು ಅನ್ನುವವನು ತನ್ನ ಗುದ್ದಲಿಯನ್ನು ಕಟ್ಟದಲ್ಲಿ ಊರಿ ಬರಿಗೈಯಲ್ಲಿ ಹೊರಟುಹೋಗಬೇಕು. ಅದನ್ನು ಕಿತ್ತುಕೊಂಡವನಿಗೆ ಗದ್ದೆಯೂ ಸೇರಿತು, ಕಟ್ಟವೂ ಸೇರಿತು. ಇದನ್ನು ಕೇಳಿ ನಮ್ಮ ಆಫೀಸಿನ ಶೈಮಾ, ವೀಸಾ ಕ್ಯಾನ್ಸಲೇಶನ್ ಕೌಂಟರಿನವಳು, "ಇದು ನಮ್ಮ ಫಾರ್ಮಿಗಿಂತ ಸುಲಭ" ಅಂದಳು. ಮೂರು ಪುಸ್ತಕ ಮುಗಿಸಿ ಆಶ್ಲೆಗೆ ಕಳಿಸಿದೆ. ಅವಳ ಉತ್ತರದಲ್ಲಿ ವಾಕ್ಯಕ್ಕಿಂತ ಆಶ್ಚರ್ಯದ ಗೆರೆಗಳೇ ಜಾಸ್ತಿ ಇದ್ದವು.

ಆಮೇಲೆ ನಾಲ್ಕನೇ ಪುಸ್ತಕ. 1741. ಎಲ್ಲ ಸಂತರ ಹಬ್ಬದ ದೊಡ್ಡ ಭರತಕ್ಕೆ ಮೊದಲು ಒಬ್ಬ ಕಟ್ಟ ಕಡಿದ. ಸಿಂಪಿ ಸಾಕುವ ಹೊಂಡಕ್ಕೆ ಅವನಿಗೆ ಉಪ್ಪುನೀರು ಬೇಕಿತ್ತು. ಕಡಿದದ್ದು ಎರಡು ಅಡಿ, ನೀರು ಮಾಡಿದ್ದು ಇನ್ನೂರು ಅಡಿ. ನಲ್ವತ್ತು ವರ್ಷ ಊರಿನ ಗದ್ದೆಯಲ್ಲಿ ಪೈರು ಇಲ್ಲ. ಕಡಿದವನು ಹೊರಗಿನಿಂದ ಬಂದು ಹಾವುಮೀನು ಹಿಡಿಯುತ್ತಿದ್ದ ಒಬ್ಬ. ಊರವರು ಅವನ ಸಂಸಾರವನ್ನು ಓಡಿಸಿದರು. ಅವನಿಗೆ ನೀನು ಕೊಟ್ಟ ಹೆಸರು: ರವೂಫ್.

ಮುನ್ನೂರು ವರ್ಷದ ಹಿಂದೆ ಸತ್ತ ಇಂಗ್ಲಿಷಿನವನಿಗೆ ಹಾಕಲಿಕ್ಕೆ ನಿನಗೆ ನನ್ನ ಅಣ್ಣನ ಹೆಸರೇ ಬೇಕಾಯಿತಾ? ಜಿಪುಣನಿಗೆ ಪೊರ್ಬು, ಕಟ್ಟ ಒಡೆಯುವವನಿಗೆ ರವೂಫ್? ಹದಿನೇಳು ಕಡೆ ಉಂಟು, ಎಣಿಸಿದ್ದೇನೆ. ಮಗಳು ಪಕ್ಕದಲ್ಲಿ ಕೂತು ಕೇಳಿದಳು, "ಮಾಮನ ಹೆಸರು ಯಾಕೆ ಇಲ್ಲಿ?" ಅಂತ. ಪುಸ್ತಕ ಮುಚ್ಚಿಟ್ಟೆ.

ಉಳಿದದ್ದು ಬೇರೆ ಯಾರ ಹತ್ತಿರವಾದರೂ ಮಾಡಿಸಿಕೋ. ಖಲಾಸ್.

ನಫೀಸ

ಅಬುಧಾಬಿ
14 ಮಾರ್ಚ್ 2025

ನಫೀಸ,

ನಾಲ್ಕನೆಯದರಲ್ಲಿ ನಿಲ್ಲಿಸಬೇಡ. ಏಳನೆಯದನ್ನು ತೆರೆ. ನನ್ನ ಬಾಯಿಯಿಂದ ಬರುವುದಿಲ್ಲ.

ಕೈ ಮುಗಿಯುತ್ತೇನೆ.

ಸುಸನ್

ಅಲ್ ಬರ್ಷಾ, ದುಬೈ
4 ಏಪ್ರಿಲ್ 2025

ಸುಸನ್,

ಮೂರು ವಾರ ಪುಸ್ತಕ ಮುಟ್ಟಲಿಲ್ಲ. ಈದ್ ಮುಗಿಯಿತು, ನೆಂಟರು ಹೋದರು. ಮೊನ್ನೆ ಅಸೀಲಾ ಏಳನೆಯದನ್ನು ತಂದು ನನ್ನ ಮುಂದೆ ಇಟ್ಟು, "ಮಮ್ಮಾ, ದಿ ಓಲ್ಡ್ ಮ್ಯಾನ್ ಈಸ್ ವೇಟಿಂಗ್" ಅಂದಳು. ತೆರೆದೆ.

ಬೇರೆಯವರಾದರೆ ದಾಟಿ ಹೋಗುತ್ತಿದ್ದರು. ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಅರ್ಜಿಯಲ್ಲಿ ಇನ್ನೊಂದು ಇದ್ದರೆ ನನ್ನ ಕಣ್ಣು ಅಲ್ಲೇ ನಿಂತುಬಿಡುತ್ತದೆ, ಇಪ್ಪತ್ತೇಳು ವರ್ಷದ ಚಾಳಿ. ಅದೇ 1741. ಅದೇ ಕಟ್ಟ, ಅದೇ ಸಿಂಪಿಯ ಹೊಂಡ, ಅದೇ ಭರತ. ಆದರೆ ಅಜ್ಜ ಈ ಸಲ ಹೇಳಿದ್ದು ಬೇರೆ. ಹಾವುಮೀನಿನವನು ಕಡಿಯಲೇ ಇಲ್ಲ. ಕಡಿದದ್ದು ಊರಿನವನೇ, ಕಟ್ಟ ಕಾಯುವ ಕೆಲಸದವನೇ. ಕಡಿದು, ಹೊರಗಿನವನ ಕಡೆ ಬೆರಳು ತೋರಿಸಿದ. ಈ ಕಾವಲಿನವನಿಗೆ ನೀನು ಹಾಕಿದ ಹೆಸರು ಫಿಡೆಲಿಸ್.

ಫಿಡೆಲಿಸ್ ನಿನ್ನ ಸ್ವಂತ ಅಣ್ಣ.

ಪುಟದ ಮೇಲೆ ತಾರೀಕು ನೋಡಿದೆ: ಆಗಸ್ಟ್ 2022, "ರಜೆಯಿಂದ ಬಂದ ಮೇಲೆ" ಅಂತ ನೀನೇ ಬರೆದಿದ್ದೀ. ಸುಮಾರು ಮೂರು ವರ್ಷ, ಸುಸನ್. ನಾನು ಊಹಿಸಿದ್ದು ಸರಿ ಅಂತ ಆದರೆ ಅದನ್ನು ನೀನೇ ಹೇಳಬೇಕು. ಹೆಸರು ಬದಲಿಸಿ ಪುಸ್ತಕದೊಳಗೆ ಅಡಗಿಸಿಡುವುದಲ್ಲ, ನನ್ನ ಹೆಸರಿಗೆ ಕಾಗದ ಬರೆದು ಹೇಳಬೇಕು.

ಕೆಲಸದ ಮಾತು ಒಂದುಂಟು. ಆ ಕಾವಲಿನವನ ನಿಜ ಹೆಸರು ನೀನು ಎಲ್ಲಿಯೂ ಬರೆದಿಲ್ಲ. ಹೆಸರಿಲ್ಲದೆ ಓದಿದರೆ ಆ ಊರಲ್ಲಿ ಯಾರೂ ನಂಬುವುದಿಲ್ಲ ಅನ್ನುತ್ತಾಳೆ ಆಶ್ಲೆ. ಹಾವುಮೀನಿನವನೇ ಅಂತ ಅಲ್ಲಿಯ ಮಕ್ಕಳಿಗೂ ಗೊತ್ತಂತೆ. ಅಜ್ಜನಿಗೆ ಮಾತಿಲ್ಲ. ಇನ್ನು ಏಳು ವಾರ.

ನಫೀಸ

ಎಲೆಕ್ಟ್ರಾ ಸ್ಟ್ರೀಟ್, ಅಬುಧಾಬಿ
11 ಏಪ್ರಿಲ್ 2025

ನಫೀಸ,

ಹೇಳುತ್ತೇನೆ.

2022ರ ರಜೆಯಲ್ಲಿ ಅಮ್ಮನ ಪೆನ್ಶನ್ ಪುಸ್ತಕ ಹುಡುಕುವಾಗ ಕಪಾಟಿನ ತಳದಲ್ಲಿ ಗದ್ದೆಯ ಕರಾರು ಪತ್ರ ಸಿಕ್ಕಿತು. ಫಿಡೆಲಿಸನ ಅಕ್ಷರ. ಸಿಗಡಿ ಕೆರೆ ಮಾಡಿಕೊಡಿ ಅಂತ ಕಾಪುವಿಗೆ ಹುಡುಕಿಕೊಂಡು ಹೋದವನು ಅವನೇ. ನಿನ್ನ ಅಣ್ಣ ಒಂದು ಶರತ್ತು ಬರೆಸಿದ್ದರು: ಕಟ್ಟವನ್ನು ಮೂರು ಅಡಿ ಎತ್ತರಿಸದೆ ತೂಬು ತೆರೆಯಬಾರದು. ಕೆಳಗೆ ಫಿಡೆಲಿಸನ ಸಹಿ. ಎತ್ತರಿಸುವ ಮೊದಲೇ ತೂಬು ತೆರೆದವನು ಅವನು, ಅವಸರಕ್ಕೆ. ಹುಣ್ಣಿಮೆಯ ಭರತಕ್ಕೆ ಕಟ್ಟ ಹೋಯಿತು. ಅಪ್ಪನ ಕಟ್ಟ, ನಫೀಸ. ಇಗರ್ಜಿಯ ಎದುರು ನಾನು ಬೆರಳು ತೋರಿಸುವಾಗ ಫಿಡೆಲಿಸ್ ನನ್ನ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದ. ದುಃಖದಿಂದ ಅಂದುಕೊಂಡಿದ್ದೆ.

ಗೊತ್ತಾದ ದಿನವೇ ನಿನಗೆ ಹೇಳಬೇಕಿತ್ತು. ನಾಚಿಕೆ ಮಾರಾಯ್ತಿ. ದಿನ ಹೋದ ಹಾಗೆ ಹೇಳುವುದು ಕಷ್ಟವಾಗುತ್ತಾ ಹೋಯಿತು. ಆಲ್ವಿನ್ ತೀರಿಕೊಂಡಾಗ ಅವರ ಪೆಟ್ಟಿಗೆಯ ಪಕ್ಕ ನಿಂತುಕೊಂಡು ನಾನು ಬಾಗಿಲ ಕಡೆಯೇ ನೋಡುತ್ತಿದ್ದೆ, ನೀನು ಬರುತ್ತೀಯೋ ಅಂತ. ಗಂಡನ ಮುಖ ನೋಡುವುದು ಬಿಟ್ಟು.

ಏಳನೇ ಪುಸ್ತಕದ ಕಥೆ ಹೀಗೆ. ರಜೆಯಿಂದ ಬಂದವಳು ಬೆಳಗಿನ ಮಾತ್ರೆಯನ್ನು ರಾತ್ರಿಯ ಡಬ್ಬಿಗೆ ಹಾಕಿದೆ. ಅಜ್ಜ ಬಿಡಲಿಲ್ಲ, ಎಂತ ಆಯಿತು ಹೇಳು ಅಂದರು. ಎಲ್ಲ ಹೇಳಿದೆ, ರವೂಫಣ್ಣನ ಹೆಸರು, ಫಿಡೆಲಿಸನ ಹೆಸರು, ನಿನ್ನ ಹೆಸರು. ಅವರು ಬಾಲ್ಕನಿಗೆ ಹೋಗಿ, ಕೆಳಗಿನ ಉಪ್ಪುನೀರಿನಲ್ಲಿ ಬೆಳೆದ ಕಾಂಡ್ಲದ ಗಿಡಗಳ ಕಡೆ ಮುಖ ಮಾಡಿ ಕೂತರು. ನೀರು ಇಳಿತದ ಹೊತ್ತು, ಬೇರುಗಳೆಲ್ಲ ಹೊರಗೆ ಕಾಣುತ್ತಿದ್ದವು. ಆಮೇಲೆ, "ನಾಲ್ಕನೇ ಪುಸ್ತಕ ತಪ್ಪು ಸುಸನ್, ಪುನಃ ಬರಿ" ಅಂದರು. ಹೇಳಿ ಮುಗಿಸುವಾಗ ಅಳುತ್ತಿದ್ದರು. ಆ ಕಾವಲಿನವನ ಹೆಸರು ಕೇಳಿದೆ, ಹೇಳಲಿಲ್ಲ. "ಕಟ್ಟದವನು" ಅಂತಲೇ ಅಂದರು. ಬರೆಯುವಾಗ ನನ್ನ ಪೆನ್ನಿಗೆ ಫಿಡೆಲಿಸ್ ಅಂತಲೇ ಬಂತು. ಯಾಕೇಂತ ಆಗ ಯೋಚಿಸಲಿಲ್ಲ.

ಅವರ ಕೆಲಸ ಬಿಡಬೇಡ. ನನ್ನನ್ನು ಬೇಕಾದರೆ ಬಿಡು.

ಸುಸನ್

ಅಲ್ ಬರ್ಷಾ, ದುಬೈ
27 ಏಪ್ರಿಲ್ 2025

ಎಲಾ ಬಾಯಮ್ಮ!

ಕೂತುಕೋ. ಕೂತುಕೊಂಡು ಓದು. ಸಿಕ್ಕಿತು!

ನಿನ್ನ ಕಾಗದ ಓದಿ ಮೊದಲು ಚೆನ್ನಾಗಿ ಅತ್ತೆ, ಅದು ಇರಲಿ. ಆಮೇಲೆ ಯೋಚಿಸಿದೆ. ಒಬ್ಬ ಮುದುಕ ತನಗೆ ಸಂಬಂಧವಿಲ್ಲದವನ ಮುನ್ನೂರು ವರ್ಷದ ಹಿಂದಿನ ತಪ್ಪಿಗೆ ಅಳುತ್ತಾನಾ? ಅದೂ ನಿನ್ನ ಅಣ್ಣನ ಸುದ್ದಿ ಕೇಳಿದ ಮೇಲೆ? ನಿನ್ನ ಪೆನ್ನಿಗೆ ಮನೆಯವನ ಹೆಸರು ಸುಮ್ಮನೆ ಬಂತಾ? ಅವರು ತಮ್ಮ ಮನೆಯವನ ವಿಷಯವೇ ಹೇಳುತ್ತಿದ್ದರು ಸುಸನ್! ನಿನ್ನ ಕೈಗೆ ಗೊತ್ತಾಗಿದೆ, ನಿನ್ನ ತಲೆಗೆ ಗೊತ್ತಾಗಲಿಲ್ಲ!

ತಕ್ಷಣ ಆಶ್ಲೆಗೆ ಬರೆದೆ: 1741ರಲ್ಲಿ ಕಟ್ಟ ಕಾಯುವ ಕೆಲಸ ಯಾರದ್ದಿತ್ತು, ಹುಡುಕು. ಅವಳು ಇಗರ್ಜಿಯ ಹಳೇ ದಫ್ತರ ತೆಗೆದು ಎರಡು ದಿನ ಕೂತಳು. ಉಂಟು! "ಥಾಮಸ್ ಪೆಲ್, ಕಟ್ಟದ ಕಾವಲು." ಮಾರನೇ ವರ್ಷದ ಪುಟದಲ್ಲಿ ಹಾವುಮೀನಿನವನ ಹೆಸರೂ ಉಂಟು: ಹ್ಯೂ ಟ್ರಿಂಡರ್, ಹೆಂಡತಿ ಮಕ್ಕಳೊಂದಿಗೆ ಊರು ಬಿಟ್ಟ. ನಾನು ಟೈಪಿಂಗ್ ಸೆಂಟರಿನಲ್ಲಿ ಎದ್ದು ನಿಂತು ಕೂಗಿದೆ. ಟೋಕನ್ ಹಿಡಿದು ಕೂತವರೆಲ್ಲ ತಮ್ಮ ನಂಬರ್ ಬಂತು ಅಂತ ಎದ್ದುಬಿಟ್ಟರು.

ಆಶ್ಲೆ ಆ ಪುಟ ಹಿಡಿದು ಅಜ್ಜನ ಹತ್ತಿರ ಹೋಗಿದ್ದಳಂತೆ. ಹೆಸರು ಓದಿ, "ಇದನ್ನು ಕಟ್ಟದ ಮೇಲೆ ಎಲ್ಲರ ಮುಂದೆ ಓದಲಾ?" ಅಂತ ಕೇಳಿದಳು. ಅವರು ಎಡಗೈಯಲ್ಲಿ ಅವಳ ಕೈ ಹಿಡಿದು ಹೂಂ ಅಂತ ತಲೆ ಆಡಿಸಿದರಂತೆ. ಮೂರು ಸಲ. ಟ್ರಿಂಡರನ ವಂಶದವರು ಉಪ್ಪುನೀರಿನ ಕೋಡಿಯ ಆಚೆ ಬದಿಯ ಪೇಟೆಯಲ್ಲಿ ಈಗಲೂ ಇದ್ದಾರೆ, ಈ ಊರಿಗೆ ಕಾಲಿಡುವವರಲ್ಲ. ಅವರನ್ನೂ ಕರೆಯುತ್ತಾಳಂತೆ.

ಒಂಬತ್ತೂ ಪುಸ್ತಕ ಮುಗಿದವು, ನಿನ್ನೆ ಕಳಿಸಿಯೂ ಆಯಿತು. ನೂರ ನಲ್ವತ್ತೆರಡು ಪುಟ.

ಕ್ಷಮಿಸಿದ್ದೇನೆ ಅಂತ ನಾನು ಬರೆಯುವುದಿಲ್ಲ. ತಪ್ಪು ಮಾಡಿದ್ದು ನನಗಲ್ಲ ನೀನು, ಅಣ್ಣನಿಗೆ. ಆಲ್ವಿನ್ ತೀರಿಕೊಂಡ ದಿನ ನಾನು ಬಂದಿದ್ದೆ. ಅಬುಧಾಬಿಯ ಇಗರ್ಜಿಯ ಪಾರ್ಕಿಂಗಿನ ತನಕ. ಕಾರಿನಿಂದ ಇಳಿಯಲಿಲ್ಲ. ಈಗ ನೆನೆಸಿದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಮೇ 25ಕ್ಕೆ ಬಸ್ಸಿನಲ್ಲಿ ಬರುತ್ತೇನೆ, ಅಸೀಲಾ ಕೂಡ. ಆಶ್ಲೆ ಅಲ್ಲಿಂದ ವಿಡಿಯೋ ಹಚ್ಚುತ್ತಾಳೆ. ನಿನ್ನನ್ನು ಅನ್‌ಬ್ಲಾಕ್ ಮಾಡಿದ್ದೇನೆ, ಆದರೆ ಅಲ್ಲಿಯ ತನಕ ಫೋನ್ ಮಾಡಿದರೆ ಕೊಲ್ಲುತ್ತೇನೆ.

ನಿನ್ನ
ನಫೀಸ

ಎಲೆಕ್ಟ್ರಾ ಸ್ಟ್ರೀಟ್, ಅಬುಧಾಬಿ
1 ಜೂನ್ 2025

ರವೂಫಣ್ಣನಿಗೆ, ಸುಸನ್ ಬರೆಯುವುದು.

ನನ್ನ ಹೆಸರು ನೋಡಿ ಕಾಗದ ಮಡಚಿಟ್ಟರೆ ತಪ್ಪಲ್ಲ. ಆದರೂ ಬರೆಯದೆ ಇರಲಾರೆ. ನಿಮ್ಮ ತಂಗಿ ಇಲ್ಲೇ ನನ್ನ ಹಾಸಿಗೆಯ ಮೇಲೆ ಕೂತು ನನ್ನ ಪೆಟ್ಟಿಗೆ ಕಟ್ಟುತ್ತಿದ್ದಾಳೆ. ನಾನು ಕಟ್ಟಿದ್ದನ್ನೆಲ್ಲ ಬಿಚ್ಚಿ ಪುನಃ ಕಟ್ಟುತ್ತಿದ್ದಾಳೆ.

ಇಂಗ್ಲೆಂಡಿನ ಜೌಗಿನ ಊರಿನ ಕಥೆ ನಫೀಸ ನಿಮಗೆ ಫೋನಿನಲ್ಲಿ ಹೇಳಿದ್ದಾಳಂತೆ. ಹೋದ ಆದಿತ್ಯವಾರದ್ದನ್ನು ನಾನೇ ಹೇಳುತ್ತೇನೆ ಅಂದೆ. ನಮಗೆ ಇಲ್ಲಿ ಮಧ್ಯಾಹ್ನ ಎರಡು ಗಂಟೆ, ಹೊರಗೆ ಬೆಂಕಿಯಂಥ ಬಿಸಿಲು. ಅಲ್ಲಿ ಮೋಡ, ಗಾಳಿ, ಎಲ್ಲರೂ ಕೋಟು ಹಾಕಿದ್ದರು. ಒಂದು ಸಣ್ಣ ಫೋನಿನ ಮುಂದೆ ನಾವು ಮೂವರೂ ತಲೆಗೆ ತಲೆ ತಾಗಿಸಿ ಕೂತೆವು. ಕಟ್ಟ ಕಂಡಾಗ ನಾನು ಕೂಗಿದೆ, ಅಣ್ಣ. ಥೇಟ್ ಅಪ್ಪನ ಕಟ್ಟ! ಅದೇ ಹುಲ್ಲು, ಅದೇ ಬಾಗು, ಒಂದು ಬದಿ ಕೆಸರು, ಒಂದು ಬದಿ ಹಸುರು.

ಆಶ್ಲೆ ಓದಿದಳು. ಉಪ್ಪು ಕುದಿಸಿದವರು, ದಿಬ್ಬ, ಗುದ್ದಲಿಯ ಕಾನೂನು, ನಮ್ಮ ಪೆಲ್ ಅಜ್ಜ ಹತ್ತೊಂಬತ್ತರ ಹುಡುಗ ಆಗಿದ್ದಾಗ ಕಂಡ 1953ರ ನೆರೆ. 1741 ಬಂತು. ಊರವರೆಲ್ಲ ಹಾವುಮೀನಿನವನ ಹೆಸರು ಕೇಳಲಿಕ್ಕೆ ತಯಾರಾಗಿ ನಿಂತಿದ್ದರು. ಅವಳು "ಕಟ್ಟ ಕಡಿದವನು ಥಾಮಸ್ ಪೆಲ್" ಅಂದಳು. ಆಗ ವೀಲ್‌ಚೇರಿನಲ್ಲಿದ್ದ ನಮ್ಮ ಅಜ್ಜ, ಶಾಲೆಯಲ್ಲಿ ಹಾಜರಿ ಕರೆದಾಗ ಮಕ್ಕಳು ಎತ್ತುತ್ತಾರಲ್ಲ, ಹಾಗೆ ಎಡಗೈ ಎತ್ತಿದರು. ಎತ್ತಿದ ಕೈ ಇಳಿಸಲಿಲ್ಲ.

ಜನರ ಹಿಂದೆ ಒಬ್ಬಳು ಗಟ್ಟಿಗಿತ್ತಿ ನಿಂತಿದ್ದಳು, ಬಸ್ ಡ್ರೈವರಂತೆ. ಟ್ರಿಂಡರನ ವಂಶದವಳು. ಅವಳು ಮುಂದೆ ಬಂದು ಆ ಕೈ ಹಿಡಿದು ಮೆಲ್ಲ ಕೆಳಗೆ ಇಳಿಸಿದಳು. ಅವರಿಗೆ ಮಾತು ಬರುವುದಿಲ್ಲ, ಅವಳಿಗೆ ಬಂದ ಮಾತು ನಮಗೆ ಗಾಳಿಯಲ್ಲಿ ಕೇಳಲಿಲ್ಲ. ಕೊನೆಗೆ ಊರವರು ಒಂದು ಗುದ್ದಲಿ ತಂದು ಕಟ್ಟದಲ್ಲಿ ಊರಿದರು, ಹಳೇ ಕಾನೂನಿನ ಹಾಗೆ. ಹಿಡಿಯ ಮೇಲೆ ಅಜ್ಜನ ಕೈ ಇತ್ತು, ಅವಳ ಕೈಯೂ ಇತ್ತು. ಇಲ್ಲಿ ನಿಮ್ಮ ತಂಗಿ ನನ್ನ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಅಸೀಲಾ ಪರೀಕ್ಷೆಗೆ ಇದನ್ನೇ ಬರೆಯುತ್ತೇನೆ ಅಂದಳು.

ಆ ಮನುಷ್ಯನಿಗೆ ತೊಂಬತ್ತೊಂದು, ಮಾತಿಲ್ಲ, ಒಂದು ಕೈಯಿಲ್ಲ. ಮುನ್ನೂರು ವರ್ಷದ ಹಿಂದಿನವನಿಗೋಸ್ಕರ ಕೈ ಎತ್ತಿದರು. ನನಗೆ ಬಾಯಿ ಉಂಟು, ಎರಡು ಕೈ ಉಂಟು, ತಪ್ಪು ನನ್ನದೇ. ಆದ್ದರಿಂದ ಕೇಳಿ: ನಮ್ಮ ಕಟ್ಟ ಹೋದದ್ದು ನಿಮ್ಮಿಂದಲ್ಲ. ತೂಬು ತೆರೆದದ್ದು ನನ್ನ ಅಣ್ಣ ಫಿಡೆಲಿಸ್. ತೆರೆಯಬೇಡ ಅಂತ ಬರೆಸಿಕೊಂಡವರು ನೀವು. ಆ ಪತ್ರ ನನ್ನ ಕೈಗೆ ಸಿಕ್ಕಿ ಮೂರು ವರ್ಷ ನಾನು ಸುಮ್ಮನಿದ್ದೆ. ಅದಕ್ಕೂ ಮೊದಲು ಏನೂ ಗೊತ್ತಿಲ್ಲದೆ ಊರ ಮುಂದೆ ನಿಮ್ಮ ಮರ್ಯಾದೆ ತೆಗೆದೆ. ತಪ್ಪಾಯಿತು ಅಣ್ಣ. ತುಂಬ ದೊಡ್ಡ ತಪ್ಪಾಯಿತು.

ಜೂನ್ 20ಕ್ಕೆ ನಾನು ಊರಿಗೆ ಬರುತ್ತೇನೆ, ಇನ್ನು ಇಲ್ಲಿಗೆ ಮರಳುವುದಿಲ್ಲ. 22ನೇ ತಾರೀಕು ಆದಿತ್ಯವಾರ. ಬೆಳಗಿನ ಪೂಜೆ ಬಿಟ್ಟು ಜನ ಹೊರಗೆ ಬರುವಾಗ, ನಾನು ಬೆರಳು ತೋರಿಸಿದ ಅದೇ ಮೆಟ್ಟಿಲ ಮೇಲೆ ಆ ಕರಾರು ಪತ್ರವನ್ನು ಗಟ್ಟಿಯಾಗಿ ಓದುತ್ತೇನೆ. ಫಿಡೆಲಿಸನಿಗೆ ಹೇಳಿದ್ದೇನೆ. ಮೊದಲು ಫೋನ್ ಇಟ್ಟುಬಿಟ್ಟ, ಅರ್ಧ ಗಂಟೆ ಬಿಟ್ಟು ಅವನೇ ಮಾಡಿ, "ನಾನೂ ನಿಲ್ತೇನೆ" ಅಂದ. ನೀವು ಬರಬೇಕೂಂತ ಕೇಳುವ ಮುಖ ನನಗಿಲ್ಲ. ಬಾರದಿದ್ದರೂ ಓದುತ್ತೇನೆ. ಸಂಜೆ ಕಾಪುವಿಗೆ ಬಂದು ನಿಮ್ಮ ಅಂಗಳದಲ್ಲಿ ನಿಲ್ಲುತ್ತೇನೆ. ಒಳಗೆ ಕರೆಯುವುದು, ಬಿಡುವುದು ನಿಮಗೆ ಸೇರಿದ್ದು.

ಸುಸನ್

ಅಣ್ಣಾ, ಇವಳು ಬರೆದದ್ದೆಲ್ಲ ಓದಿದೆ, ಒಂದು ಅಕ್ಷರವೂ ತಿದ್ದಲಿಲ್ಲ. ನಾನೂ ಟಿಕೆಟ್ ಮಾಡಿಸಿದ್ದೇನೆ. 22ಕ್ಕೆ ಬೆಳಗ್ಗೆ ಆರಕ್ಕೆ ಕಾರು ತೆಗಿ, ಕುಂದಾಪುರಕ್ಕೆ ನಾವಿಬ್ಬರೂ ಒಟ್ಟಿಗೆ ಹೋಗೋಣ. ನೀನು ಮೆಟ್ಟಿಲ ಕೆಳಗೆ ಮುಂದಿನ ಸಾಲಿನಲ್ಲಿ ನಿಲ್ಲಬೇಕು, ನನ್ನ ಪಕ್ಕದಲ್ಲಿ. ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಇಡು.

ನಫೀಸ